ತಬಿಥಾ ಸಂಘ ಮಣ್ಣು ಮಾಡಿದ ಹೆಣ್ಣು

ಸುಬಾಂಗ್ ಜಯಾ
12 ಜನವರಿ 2025

ಪ್ರೀತಿಯ ವಾರಿಜಾಕ್ಷಿ ಆಂಟಿಗೆ,

ಕರ್ತನಲ್ಲಿ ವಂದನೆಗಳು. ನಾನು ಅಪೂರ್ವ ಜತ್ತನ್ನ. ನೀವು ಮಲೇಷ್ಯಾ ಬಿಟ್ಟು ಉಡುಪಿಗೆ ಹೊರಟ ವರ್ಷವೇ ಮದುವೆಯಾಗಿ ಇಲ್ಲಿಗೆ ಬಂದವಳು. ನಿಮ್ಮ ಬೀಳ್ಕೊಡುಗೆಯ ಊಟದಲ್ಲಿ ನಿಮಗೆ ಪಾಯಸ ಬಡಿಸಿದ್ದು ನಾನೇ. ನನಗೆ ನೆನಪಿದೆ, ನಿಮಗಿರಲಾರದು. ನಿಮಗೆ ಕಿವಿ ಪೂರ್ತಿ ಹೋಗಿದೆ, ಫೋನ್ ಮಾಡಿ ಪ್ರಯೋಜನವಿಲ್ಲ, ಕಾಗದ ಬರೆದರೆ ಮಾತ್ರ ತಪ್ಪದೆ ಉತ್ತರ ಕೊಡುತ್ತಾರೆ ಎಂದು ನಿಮ್ಮ ತಂಗಿಯ ಮಗಳು ಹೇಳಿದರು. ಅದಕ್ಕೇ ಇಷ್ಟು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ.

ನಮ್ಮ ತಬಿಥಾ ಸ್ತ್ರೀ ಸಂಘಕ್ಕೆ ಈ ವರ್ಷ ಎಪ್ಪತ್ತೈದು ತುಂಬುತ್ತದೆ. ಅಮೃತ ಮಹೋತ್ಸವಕ್ಕೆ ಸಂಘದ ಚರಿತ್ರೆ ಬರೆಯುವ ಕೆಲಸವನ್ನು ಕಮಿಟಿ ನನ್ನ ತಲೆಗೆ ಕಟ್ಟಿದೆ. "ನೀನು ಟೀಚರ್ ಆಗಿದ್ದವಳು, ಕನ್ನಡ ಚೆನ್ನಾಗಿದೆಯಲ್ಲ" ಎಂದರು. ನನ್ನ ಗೆಳತಿ ಶ್ರೀಯಾ ಪುಸ್ತಕದ ವಿನ್ಯಾಸ ಮಾಡಿಕೊಡುತ್ತಾಳೆ. ಫೋಟೊಗಳೂ ಸಿಕ್ಕಿವೆ. ಆದರೆ ಇಪ್ಪತ್ತೈದು ವರ್ಷ ಕಾರ್ಯದರ್ಶಿಯಾಗಿದ್ದ ನಿಮ್ಮನ್ನು ಕೇಳದೆ ಒಂದು ಸಾಲೂ ಬರೆಯಬಾರದು ಎಂದು ಎಲ್ಲರೂ ಹೇಳುತ್ತಾರೆ.

ಮುಖ್ಯವಾಗಿ 1988ರ ಸಂಗತಿ ಬೇಕು. ಗುರುತಿಲ್ಲದ ಹೆಂಗಸೊಬ್ಬಳ ದೇಹವನ್ನು ಯಾರೂ ಕೇಳದಿದ್ದಾಗ ನಮ್ಮ ಸೋದರಿಯರೇ ಮೈ ತೊಳೆದು, ಬಟ್ಟೆ ಹೊಲಿದು ತೊಡಿಸಿ, ಮಣ್ಣು ಮಾಡಿದರಂತೆ. ಆವತ್ತಿನಿಂದ ಈವತ್ತಿನವರೆಗೆ ಸಂಘ ಹಾಗೆ ದಿಕ್ಕಿಲ್ಲದ ನಲವತ್ತೊಂದು ಹೆಂಗಸರನ್ನು ಮಣ್ಣು ಮಾಡಿದೆ. ಹೊಸ ಸದಸ್ಯೆಯರಿಗೆ ಮೊದಲು ಹೇಳುವ ಕಥೆಯೇ ಅದು. ಕೇಳಿದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ. ಆ ದಿನ ಏನಾಯಿತು, ಬಿಡಿಸಿ ಬರೆಯುತ್ತೀರಾ?

ನಿಮ್ಮ
ಅಪೂರ್ವ


ಉಡುಪಿ
3 ಫೆಬ್ರವರಿ 2025

ಚಿರಂಜೀವಿ ಅಪೂರ್ವಳಿಗೆ,

ಆಶೀರ್ವಾದಗಳು. ನಿನ್ನ ಪತ್ರ ತಲುಪಿತು. ಅಕ್ಷರಕ್ಕೇನೂ ಕೊರತೆಯಿಲ್ಲ.

ಸಂಘ ಶುರುವಾದದ್ದು 1950ರಲ್ಲಿ, ಸೆಂತುಲ್ ರೈಲ್ವೆ ವಸತಿಯಲ್ಲಿ. ನಮ್ಮ ಕಡೆಯ ಏಳು ಹೆಂಗಸರು. ಗಂಡಂದಿರೆಲ್ಲ ರೈಲ್ವೆ ಕಾರ್ಖಾನೆಯಲ್ಲಿ ಗುಮಾಸ್ತರು. ನಾನು 1969ರಲ್ಲಿ ಮದುವೆಯಾಗಿ ಹೋದವಳು, ಇದೆಲ್ಲ ನನ್ನ ಅತ್ತೆಯವರ ಬಾಯಿಂದ ಕೇಳಿದ್ದು. ಸಾಲುಮನೆಯ ಕೊನೆಯಲ್ಲಿದ್ದ ಬಾಣಂತಿಯೊಬ್ಬಳು ತೀರಿಕೊಂಡಳು. ಮಗುವಿಗೆ ಅಂಗಿಯೂ ಇರಲಿಲ್ಲ. ಆ ಏಳು ಜನ ಇದ್ದೊಂದು ಹೊಲಿಗೆ ಯಂತ್ರವನ್ನು ಕೈಗಾಡಿಯಲ್ಲಿ ಮನೆಯಿಂದ ಮನೆಗೆ ಸಾಗಿಸಿಕೊಂಡು ಹೊಲಿದರಂತೆ. ಬೈಬಲಿನಲ್ಲಿ ವಿಧವೆಯರಿಗೆ ಅಂಗಿ ಹೊಲಿದುಕೊಟ್ಟ ತಬಿಥಾಳ ಹೆಸರನ್ನು ಇಟ್ಟದ್ದು ಅದಕ್ಕೇ. ಪಾದ್ರಿಗಳು ಮೊದಲು ಒಪ್ಪಲಿಲ್ಲ. ಹೆಂಗಸರು ಪ್ರತ್ಯೇಕ ಸಂಘ ಕಟ್ಟಿದರೆ ಸಭೆ ಒಡೆಯುತ್ತದೆ ಎಂದರು. ನನ್ನ ಅತ್ತೆ, "ಅಯ್ಯನವರೇ, ನೀವು ಪ್ರಸಂಗ ಮಾಡಿ, ನಾವು ಅಂಗಿಗೆ ಗುಂಡಿ ಹಾಕುತ್ತೇವೆ" ಎಂದರಂತೆ. ಇದನ್ನು ಬೇಕಾದರೆ ಬರೆ, ಓದುವವರಿಗೆ ನಗು ಬಂದೀತು.

ಸೇರುವಾಗ ಯಂತ್ರದ ಚಕ್ರದ ಮೇಲೆ ಕೈಯಿಟ್ಟು, "ಕದ ತಟ್ಟಿದ ಹೆಣ್ಣನ್ನು ಒಳಗೆ ಕರೆಯದೆ ಇರೆನು" ಎಂದು ಹೇಳುವ ಪದ್ಧತಿ ಈಗಲೂ ಇದೆಯೇ?

1988ರ ವಿಷಯದಲ್ಲಿ ಹೇಳುವಂಥದ್ದೇನೂ ಇಲ್ಲ. ಮಾಡಬೇಕಾದದ್ದನ್ನು ಮಾಡಿದೆವು. ಅದನ್ನು ಹೆಚ್ಚು ಬೆಳೆಸಬೇಡ. ಸಂಘ ನಡೆಸಿದ ಬಾಲವಾಡಿಯ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ಬರೆ.

ವಾರಿಜಾಕ್ಷಿ ಕರ್ಕಡ


ಸುಬಾಂಗ್ ಜಯಾ
1 ಮಾರ್ಚ್ 2025

ಪ್ರೀತಿಯ ಆಂಟಿ,

ಗುಂಡಿಯ ಮಾತನ್ನು ಕಮಿಟಿಯಲ್ಲಿ ಓದಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರತಿಜ್ಞೆ ಈಗಲೂ ಇದೆ. ಯಂತ್ರ ಮಾತ್ರ ಕೆಟ್ಟಿದೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದೇವೆ.

ನೀವು ಬೇಡವೆಂದರೂ 1988ಕ್ಕೇ ಬರುತ್ತಿದ್ದೇನೆ, ಸಿಟ್ಟಾಗಬೇಡಿ. ನಡಾವಳಿ ಪುಸ್ತಕ ಸಿಕ್ಕಿತು. ಆಗಸ್ಟ್ ತಿಂಗಳ ಪುಟ ನಿಮ್ಮ ಕೈಬರಹದಲ್ಲೇ ಇದೆ. "ಅನಾಥ ಸ್ತ್ರೀ. ಮಹಡಿಯಿಂದ ಬಿದ್ದು ಮರಣ. ಸಂಘದ ವತಿಯಿಂದ ಸಮಾಧಿ." ಇಷ್ಟೇ. ಕೆಳಗೆ ಅಧ್ಯಕ್ಷೆ ಲೀಲಾವತಿ ಕರ್ಕಡ ಎಂದು ಸಹಿ. ಮಿಕ್ಕ ಪುಟಗಳಲ್ಲಿ ಚಹಾಕ್ಕೆ ಯಾರು ಬಿಸ್ಕತ್ತು ತಂದರು ಎಂಬುದನ್ನೂ ಬಿಡದ ನೀವು ಇಲ್ಲಿ ಮೂರೇ ಮಾತು ಬರೆದಿದ್ದೀರಿ. ಅಷ್ಟು ದುಃಖವಾಗಿತ್ತು ಎಂದುಕೊಂಡೆ.

ಇನ್ನೊಂದು. ಸತ್ತವರಿಗೆ ತೊಡಿಸುವ ಬಿಳಿ ಅಂಗಿಗೆ ಸಂಘದಲ್ಲಿ ಒಂದೇ ಅಳತೆಯ ಕಾಗದ ಇದೆ, ನೀವೇ ಕತ್ತರಿಸಿದ್ದಂತೆ. ಮಣಿಕಟ್ಟಿನವರೆಗೆ ತೋಳು, ಗಲ್ಲಕ್ಕೆ ತಾಗುವ ಕಾಲರ್. ಈ ಸೆಕೆಯ ದೇಶದಲ್ಲಿ ಯಾಕೆ ಹಾಗೆ ಎಂದು ಹೊಸಬರು ಕೇಳುತ್ತಾರೆ. ಅದು ಮರ್ಯಾದೆಯ ಉಡುಪು ಎಂದು ನಾನೇ ಹೇಳಿಬಿಡುತ್ತೇನೆ. ಸರಿ ತಾನೇ?

ಕೊನೆಗೊಂದು ಸಲಹೆ ಬೇಕು. ಕಳೆದ ಬುಧವಾರ ನಾವು ಹೊಲಿಯುತ್ತಿದ್ದಾಗ ರತ್ನಮ್ಮ ಎಂಬವಳು ಬಾಗಿಲಿಗೆ ಬಂದಳು. ಚಿಂತಾಮಣಿಯ ಕಡೆಯವಳು, ಮಾಂಟ್ ಕಿಯಾರಾದಲ್ಲಿ ನಮ್ಮ ಒಬ್ಬ ಸದಸ್ಯೆಯ ಮನೆಯಲ್ಲೇ ಇದ್ದು ಕೆಲಸ ಮಾಡುತ್ತಾಳೆ. ಮನೆಯಾಕೆ ಬೈಯುತ್ತಾರೆ, ಹೊರಗೆ ಬಿಡುವುದಿಲ್ಲ, ಪಾಸ್‌ಪೋರ್ಟ್ ಅವರ ಹತ್ತಿರವೇ ಇದೆ ಎಂದಳು. ಊಟ ಕೊಟ್ಟೆವು. ಸಂಜೆ ಆ ಸದಸ್ಯೆಯೇ ಬಂದು, "ಸಾರಿ ಕಣ್ರೇ, ಇವಳಿಗೆ ಮನೆ ನೆನಪು, ಸುಮ್ನೆ ಡ್ರಾಮಾ" ಎಂದು ನಗುತ್ತಾ ಕರೆದುಕೊಂಡು ಹೋದರು. ಮತ್ತೆ ಬಂದರೆ ಏನು ಮಾಡುವುದು ಎಂದು ಕಮಿಟಿಯಲ್ಲಿ ಚರ್ಚೆಯಾಯಿತು. ನಿಮ್ಮ ಕಾಲದಲ್ಲಿ ಇಂಥ ಮನೆಜಗಳಗಳನ್ನು ಹೇಗೆ ನಿಭಾಯಿಸುತ್ತಿದ್ದಿರಿ? ನೀವು ಹೇಳಿದಂತೆ ಮಾಡೋಣ ಎಂದಿದ್ದಾರೆ.

ನಿಮ್ಮ
ಅಪೂರ್ವ


ಉಡುಪಿ
20 ಮಾರ್ಚ್ 2025

ಅಪೂರ್ವಳಿಗೆ,

ಅಂಗಿಯ ವಿಷಯದಲ್ಲಿ ನೀನು ಹೇಳುತ್ತಿರುವುದೇ ಸರಿ. ಮರ್ಯಾದೆಯ ಉಡುಪು.

ನಡಾವಳಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಮೂವತ್ತೇಳು ವರ್ಷ ಹಳೆಯ ಮಾತು.

ಮನೆಜಗಳ ಬಂದರೆ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿ, ಪ್ರಾರ್ಥನೆ ಮಾಡಿ ಕಳಿಸುತ್ತಿದ್ದೆವು. ಮನೆಯ ಮಾತು ಮನೆಯಲ್ಲೇ ತೀರಬೇಕು. ಸಂಘ ಉಳಿದದ್ದು ಹಾಗೆ.

ಈಚೆಗೆ ನನ್ನ ಬರವಣಿಗೆ ನಿಧಾನ. ಉತ್ತರ ತಡವಾದರೆ ಕಾಯಬೇಡ.

ವಾರಿಜಾಕ್ಷಿ


ಸುಬಾಂಗ್ ಜಯಾ
9 ಏಪ್ರಿಲ್ 2025

ಪ್ರೀತಿಯ ಆಂಟಿ,

ನಿಮ್ಮ ಕಾಗದ ಬಹಳ ಸರಿಯಾದ ಹೊತ್ತಿಗೆ ಬಂತು. ಏಪ್ರಿಲ್ ಎರಡರ ಬುಧವಾರ ರತ್ನಮ್ಮ ಮತ್ತೆ ಬಂದಳು. ಈ ಸಲ ಬರಿಗಾಲಲ್ಲಿ. ಕಾವಲುಗಾರ ಮಮಾಕ್ ಅಂಗಡಿಗೆ ಚಹಾಕ್ಕೆ ಹೋದಾಗ ಗೇಟು ದಾಟಿದಳಂತೆ. ಭುಜದ ಮೇಲೆ ಅಂಗೈಯಗಲ ಸುಟ್ಟ ಗಾಯವಿತ್ತು. ಸಾರು ಮೈಮೇಲೆ ಚೆಲ್ಲಿತು ಎಂದು ಒಮ್ಮೆ ಹೇಳಿದಳು. ಮನೆಯಾಕೆಯೇ ಎರಚಿದರು ಎಂದು ಇನ್ನೊಮ್ಮೆ ಹೇಳಿದಳು. ಯಾವುದನ್ನು ನಂಬುವುದು?

ಕಮಿಟಿಯಲ್ಲಿ ನಿಮ್ಮ ಮಾತುಗಳನ್ನು ಓದಿದೆ. ಸದಸ್ಯೆಯನ್ನು ಕರೆಸಿದೆವು. ಅವಳು ಎಲ್ಲರ ಮುಂದೆ ಅತ್ತುಬಿಟ್ಟಳು. ಆಫೀಸಿನ ಒತ್ತಡ, ಎರಡು ಮಕ್ಕಳು, ಕೈ ತಪ್ಪಿತು, ಇನ್ನು ಹಾಗಾಗುವುದಿಲ್ಲ ಎಂದಳು. ರತ್ನಮ್ಮನ ಕೈ ಹಿಡಿದು ಕ್ಷಮೆ ಕೇಳಿದಳು. ನಾವೆಲ್ಲ ಸುತ್ತ ನಿಂತು ಪ್ರಾರ್ಥನೆ ಮಾಡಿದೆವು. ರತ್ನಮ್ಮನೂ ಕೈ ಮುಗಿದು ನಿಂತಿದ್ದಳು.

ವಾಪಸು ಬಿಟ್ಟುಬರುವ ಕೆಲಸ ನನಗೆ ಬಂತು. ನನ್ನ ಕಾರಿನಲ್ಲೇ ಕರೆದೊಯ್ದೆ. ದಾರಿಯುದ್ದಕ್ಕೂ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಲಿಫ್ಟಿನ ಹತ್ತಿರ ಮಾತ್ರ ಒಮ್ಮೆ, "ಅಮ್ಮಾ, ಬ್ಯಾಡಮ್ಮಾ, ನಿಮ್ಮನೇಲೇ ಕೆಲಸ ಮಾಡ್ಕೊಂಡು ಇರ್ತೀನಿ" ಎಂದಳು. "ನಾನು ವಾರಕ್ಕೊಮ್ಮೆ ಬಂದು ನೋಡ್ತೀನಿ ರತ್ನಮ್ಮ, ಹೆದರಬೇಡ" ಎಂದೆ. ಈ ವಾರ ಹೋಗಲಾಗಲಿಲ್ಲ, ಮಗಳಿಗೆ ಜ್ವರ. ಈಸ್ಟರ್ ಮುಗಿಯಲಿ, ಹೋಗುತ್ತೇನೆ.

ಸರಿ ಮಾಡಿದೆವು ಅಲ್ಲವೇ ಆಂಟಿ? ಹಿರಿಯರು ಹಾಕಿಕೊಟ್ಟ ದಾರಿ ಇದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ.

ನಿಮ್ಮ
ಅಪೂರ್ವ


ಉಡುಪಿ
22 ಏಪ್ರಿಲ್ 2025

ಅಪೂರ್ವ,

ನಿನ್ನ ಕಾಗದ ಈಗ, ಮಧ್ಯಾಹ್ನ ಬಂತು. ಕೂಡಲೇ ತಂಗಿಯ ಮಗಳಿಂದ ನಿನ್ನ ಮೊಬೈಲಿಗೆ ಸಂದೇಶ ಕಳಿಸಿದೆ: "ಆ ಹೆಂಗಸನ್ನು ಇವತ್ತೇ ಹೊರಗೆ ಕರೆದುಕೊಂಡು ಬಾ." ನೀನು ಓದಿರುತ್ತೀ, ಹೋಗಿಯೂ ಇರುತ್ತೀ ಎಂದು ದೇವರಲ್ಲಿ ಬೇಡುತ್ತಿದ್ದೇನೆ. ಕಾರಣವನ್ನು ಆ ಪುಟ್ಟ ಪರದೆಯಲ್ಲಿ ಬೇರೆಯವರ ಕೈಯಿಂದ ಬರೆಸಲು ಆಗಲಿಲ್ಲ. ಅದಕ್ಕೆ ಈ ಕಾಗದವನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ.

1988ರಲ್ಲಿ ನಾವು ಮಣ್ಣು ಮಾಡಿದವಳು ಅನಾಥೆಯಲ್ಲ. ಅವಳ ಹೆಸರು ಹಂಸಾ. ಗದಗ-ಬೆಟಗೇರಿಯ ನೇಕಾರರ ಮಗಳು. ಇಪ್ಪತ್ತೆರಡು ವರ್ಷ. ತಂದೆ, ತಾಯಿ, ಒಬ್ಬ ತಂಗಿ ಇದ್ದರು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಮನೆಗೆ ಹೋಗುವ ಕಾಗದಗಳನ್ನು ಬರೆದುಕೊಡುತ್ತಿದ್ದವಳು ನಾನೇ. ಆದುದರಿಂದ ವಿಳಾಸವೂ ನನಗೆ ಬಾಯಿಪಾಠ ಇತ್ತು.

ಬಾಂಗ್ಸಾರಿನಲ್ಲಿ ಒಬ್ಬ ಸದಸ್ಯೆಯ ಮನೆಯಲ್ಲಿ ಕೆಲಸಕ್ಕಿದ್ದಳು. ನಾಲ್ಕನೆಯ ಮಹಡಿ. ಒಂದು ಬುಧವಾರ ನಮ್ಮ ಹೊಲಿಗೆಯ ಕೋಣೆಗೆ ಬಂದು ತೋಳು ಮಡಿಸಿ ತೋರಿಸಿದಳು. ಎರಡೂ ಮುಂಗೈಗೂ, ಕುತ್ತಿಗೆಗೂ ಇಸ್ತ್ರಿಪೆಟ್ಟಿಗೆ ಇಟ್ಟ ಗುರುತು. "ಅಕ್ಕಾರ, ನನ್ನ ಹೊಳ್ಳಿ ಕಳಸಬ್ಯಾಡ್ರಿ" ಎಂದಳು. ನಾವು ಒಂಬತ್ತು ಮಂದಿ ಇದ್ದೆವು. ಪ್ರತಿಜ್ಞೆ ಮಾಡಿದವರೇ ಒಂಬತ್ತೂ ಮಂದಿ. ಹೊರಗೆ ತಿಳಿದರೆ ಸಂಘದ ಹೆಸರು ಹೋಗುತ್ತದೆ ಎಂದು ಒಬ್ಬಳು ಹೇಳಿದಳು, ಮಿಕ್ಕವರು ಸುಮ್ಮನಿದ್ದೆವು. ಮಾತಾಡಿಸಿ, ಪ್ರಾರ್ಥಿಸಿ ಕಳಿಸಿದೆವು. ಟ್ಯಾಕ್ಸಿಯಲ್ಲಿ ಕರೆದೊಯ್ದು ಬಾಗಿಲಲ್ಲಿ ಒಪ್ಪಿಸಿದವಳು ನಾನು.

ಐದನೆಯ ದಿನ ಅವಳು ಕೆಳಗೆ ಬಿದ್ದಳು. ಬಿದ್ದಳೋ, ಹಾರಿದಳೋ, ಯಾರಾದರೂ ನೂಕಿದರೋ, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಬಟ್ಟೆ ಒಣಗಿಸುವಾಗ ಕಾಲು ಜಾರಿತು, ದಿನಗೂಲಿಗೆ ಬರುತ್ತಿದ್ದವಳು, ಹೆಸರು ಊರು ತಿಳಿಯದು ಎಂದು ಆ ಮನೆಯವರು ಪೊಲೀಸರಿಗೆ ಹೇಳಿದರು. ಪಾಸ್‌ಪೋರ್ಟ್ ಇರಲೇ ಇಲ್ಲ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಮೈ ತೊಳೆದವಳೂ ನಾನೇ. ಪಾದ್ರಿಗಳ ಕಣ್ಣಿಗೆ ಗಾಯ ಬೀಳಬಾರದೆಂದು ಮಣಿಕಟ್ಟಿನವರೆಗೆ ತೋಳು, ಗಲ್ಲದವರೆಗೆ ಕಾಲರ್ ಇಟ್ಟು ಹೊಲಿದೆ. ಆ ಕಾಗದವನ್ನೇ ಅಳತೆ ಮಾಡಿಕೊಂಡು ನೀವು ನಲವತ್ತು ಜನರಿಗೆ ಹೊಲಿದಿರಿ. ಜನ ನಮ್ಮನ್ನು ಹೊಗಳಿದರು. ಹೊಗಳಿಕೆ ಸಂಘಕ್ಕೆ ಒಗ್ಗಿಹೋಯಿತು.

ನೀನು ಮಾರ್ಚಿನಲ್ಲಿ ಕೇಳಿದಾಗ ನಾನು ಇದನ್ನೇ ಬರೆಯಬೇಕಿತ್ತು. ಬರೆಯಲು ಕುಳಿತೂ ಇದ್ದೆ. ಹರಿದು ಹಾಕಿ ಆ ನಾಲ್ಕು ಸಾಲು ಕಳಿಸಿದೆ. ಸತ್ತ ಮೇಲೆ ತಿಳಿದರೆ ಸಾಕು ಎಂದುಕೊಂಡಿದ್ದೆ.

ಹೋಗು. ಯಾರನ್ನೂ ಕೇಳಬೇಡ.

ವಾರಿಜಾಕ್ಷಿ


ಸುಬಾಂಗ್ ಜಯಾ
6 ಮೇ 2025

ವಾರಿಜಾಕ್ಷಿ ಆಂಟಿಗೆ,

ನಿಮ್ಮ ಸಂದೇಶವನ್ನು 22ರ ಸಂಜೆಯೇ ಓದಿದೆ. ಅಜ್ಜಿಯರ ಗಾಬರಿ ಎಂದುಕೊಂಡೆ. "ಆಯ್ತು ಆಂಟಿ, ಈ ವೀಕೆಂಡ್ ಹೋಗ್ತೀನಿ" ಎಂದು ಉತ್ತರ ಹಾಕಿ, ಪಕ್ಕದಲ್ಲೊಂದು ಹೂವಿನ ಚಿತ್ರವನ್ನೂ ಹಾಕಿದೆ. ಅದು ಈಗಲೂ ಫೋನಿನಲ್ಲಿದೆ.

25ರ ಶುಕ್ರವಾರ ಬೆಳಗ್ಗೆ ಮನೆಯವರೆಲ್ಲ ಹೊರಟ ಮೇಲೆ ರತ್ನಮ್ಮ ಅಡುಗೆಮನೆಯ ಕಿಟಕಿಯಿಂದ ಹಾರಿದಳು. ಹೊರಗಿನಿಂದ ಬೀಗ ಹಾಕಿದ್ದರು. ಎರಡು ಮಹಡಿ ಕೆಳಗೆ ಕಾರು ನಿಲ್ಲಿಸುವ ಜಾಗದ ತಗಡಿನ ಚಾವಣಿ ಇತ್ತು, ಅದರ ಮೇಲೆ ಬಿದ್ದಳು. ನನಗೆ ಯಾರೂ ತಿಳಿಸಲಿಲ್ಲ. ಶನಿವಾರ ಮಗಳ ಈಜಿನ ಸ್ಪರ್ಧೆ ಎಂದು ನಾನೂ ಹೋಗಲಿಲ್ಲ. ಸೋಮವಾರ ನಿಮ್ಮ ಕೊರಿಯರ್ ಬಂತು. ಓದಿದವಳೇ ಓಡಿದೆ. ಬಾಗಿಲು ತೆರೆದವಳು, "ಅವಳು ಊರಿಗೆ ಹೋದಳು, ಮೊನ್ನೇನೇ ಫ್ಲೈಟ್ ಹತ್ತಿಸಿದ್ವಿ" ಎಂದಳು. ಕೆಳಗೆ ಕಾವಲಿನ ತಮಿಳು ಮುದುಕರು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿಹೋದ ಚಾವಣಿಯನ್ನು ತೋರಿಸಿದರು.

ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕಳು. ಜೀವ ಇದೆ. ಬೆನ್ನುಮೂಳೆ ಮುರಿದಿದೆ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಮತ್ತೆ ನಡೆಯುವುದಿಲ್ಲ ಎಂದರು. ನಾನು ಹಾಸಿಗೆಯ ಹತ್ತಿರ ನಿಂತು, "ರತ್ನಮ್ಮ, ನಾನು ಅಪೂರ್ವ" ಎಂದೆ. ನೋಡಿದಳು. ಗುರುತು ಹತ್ತಿತು. ನರ್ಸಿಗೆ ಕೈಸನ್ನೆ ಮಾಡಿ ಪರದೆ ಎಳೆಸಿದಳು. ದಿನವೂ ಹೋಗುತ್ತೇನೆ, ದಿನವೂ ಪರದೆ ಎಳೆಸುತ್ತಾಳೆ. ಕೊಂಡೊಯ್ದ ಗಂಜಿಯನ್ನು ಪಕ್ಕದ ಹಾಸಿಗೆಯವರಿಗೆ ಕೊಡಿಸುತ್ತಾಳೆ.

ನಾನು ನಿಮ್ಮಿಂದ ಮುಚ್ಚಿಟ್ಟದ್ದೂ ಒಂದಿದೆ. ಆ "ಒಬ್ಬ ಸದಸ್ಯೆ" ಶ್ರೀಯಾ. ಪುಸ್ತಕದ ಕೆಲಸ ಮಾಡುತ್ತಿದ್ದ ನನ್ನ ಗೆಳತಿ. ಅವಳ ಮಗ, ನನ್ನ ಮಗಳು ಒಂದೇ ತರಗತಿ. ಗಾಯ ಕಂಡ ಕೂಡಲೇ ನಾನು ರತ್ನಮ್ಮನನ್ನು ನಂಬಿದ್ದೆ. ನಂಬದವಳಂತೆ ನಿಮಗೆ ಬರೆದೆ, ಏಕೆಂದರೆ ನಂಬಿದರೆ ಶ್ರೀಯಾಳನ್ನು ಬಿಡಬೇಕಿತ್ತು.

ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದೇನೆ. ವಾಪಸು ಕರೆದೊಯ್ದವಳು ನಾನು ಎಂಬುದನ್ನೂ ಬರೆಸಿದ್ದೇನೆ. ಶ್ರೀಯಾಳನ್ನು ವಿಚಾರಣೆಗೆ ಕರೆದಿದ್ದಾರೆ. ನಿನ್ನೆ ಕಮಿಟಿ ಸೇರಿ ನನ್ನನ್ನು ಸಂಘದಿಂದ ತೆಗೆದುಹಾಕಿತು. ಸೋದರಿಯ ಮೇಲೆ ದೂರು ಕೊಟ್ಟವಳಿಗೆ ಜಾಗವಿಲ್ಲವಂತೆ. ಚರಿತ್ರೆಯನ್ನು ಬೇರೆಯವರು ಬರೆಯುತ್ತಾರೆ. ನನ್ನ ಗಂಡ ಜೀವನ್, "ನಿನಗ್ಯಾಕೆ ಬೇಕಿತ್ತು ಇದೆಲ್ಲ?" ಎಂದ. ಏಪ್ರಿಲ್ ಎರಡರಂದು ಈ ಪ್ರಶ್ನೆ ಕೇಳಬಹುದಿತ್ತು ಎಂದೆ.

ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೆಂದರೆ ಈ ಕಾಗದವನ್ನು ಮೂರು ಸಲ ಬಿಟ್ಟು ಎದ್ದೆ. ನಿಮ್ಮ ನಾಲ್ಕು ಸಾಲನ್ನು ಓದಿಯೇ ನಾನು ಅವಳನ್ನು ಕಾರು ಹತ್ತಿಸಿದ್ದು. ಆದರೆ ಆ ನಾಲ್ಕು ಸಾಲು ಬೇಕಾಗಿದ್ದದ್ದು ನನಗೇ.

ಒಂದು ಕೇಳಲೇಬೇಕು. ನಡಾವಳಿಯ ಕೆಳಗಿನ ಸಹಿ ಲೀಲಾವತಿ ಕರ್ಕಡ. ನೀವೂ ಕರ್ಕಡ. ಆ ಮನೆ ಯಾರದು?

ಅಪೂರ್ವ


ಉಡುಪಿ
11 ಜೂನ್ 2025

ಅಪೂರ್ವ,

ಲೀಲಾವತಿ ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ, ಸಂಘದ ಅಧ್ಯಕ್ಷೆ. ಹಂಸಾ ಇದ್ದದ್ದು ಅವಳ ಮನೆಯಲ್ಲಿ. ಸಂಘದ ಹೆಸರು ಹೋಗುತ್ತದೆ ಎಂದು ಆ ದಿನ ಹೇಳಿದ "ಒಬ್ಬಳು" ಲೀಲಾವತಿಯಲ್ಲ. ನಾನು. ಅವಳು ತಲೆ ತಗ್ಗಿಸಿ ಕೂತಿದ್ದಳು. ಹನ್ನೆರಡು ವರ್ಷದ ಹಿಂದೆ ಅವಳು ತೀರಿಕೊಂಡಳು. ಅವಳನ್ನು ದೂರಿ ನಾನು ತಪ್ಪಿಸಿಕೊಳ್ಳುವಂತಿಲ್ಲ.

ಹಂಸಾಳ ತಂದೆತಾಯಿಗೆ ಕೊನೆಯ ಕಾಗದ ಬರೆದದ್ದೂ ನನ್ನ ಕೈಯೇ. "ನಿಮ್ಮ ಮಗಳು ಹೇಳದೆ ಕೇಳದೆ ಯಾರ ಜೊತೆಯೋ ಹೊರಟುಹೋದಳು, ಎಲ್ಲಿದ್ದಾಳೋ ತಿಳಿಯದು" ಎಂದು. ಹುಡುಕಿಕೊಂಡು ಬರಬಾರದಲ್ಲ.

ಇದೆಲ್ಲವನ್ನೂ ನೋಟರಿಯ ಮುಂದೆ ಬರೆದು ಸಹಿ ಹಾಕಿದ್ದೇನೆ. ಒಂದು ಪ್ರತಿ ಇದರೊಂದಿಗಿದೆ. ನಿಮ್ಮ ಪೊಲೀಸರಿಗೆ ಕೊಡು. ಇನ್ನೊಂದನ್ನು ಕಮಿಟಿಗೆ ಕಳಿಸಿದ್ದೇನೆ. ಓದದೆ ಇಡುತ್ತಾರೆ, ಇಡಲಿ. ಸಮಾಧಿಯ ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಪಾದ್ರಿಗಳಿಗೂ ಬರೆದಿದ್ದೇನೆ.

ಕಳೆದ ಗುರುವಾರ ತಂಗಿಯ ಮಗಳ ಜೊತೆ ಬೆಟಗೇರಿಗೆ ಹೋಗಿದ್ದೆ. ತಂದೆತಾಯಿ ಇಲ್ಲ. ತಂಗಿ ಇದ್ದಾಳೆ, ಐವತ್ತು ದಾಟಿದೆ. ಅದೇ ಓಣಿ, ಅದೇ ಮನೆ. ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟಳು. ಅವಳು ಹೇಳಿದ್ದನ್ನು ತಂಗಿಯ ಮಗಳು ನೋಟ್ ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದಳು. ನಾನು ಮೊದಲಿಂದ ಕೊನೆಯವರೆಗೆ ಹೇಳಿದೆ.

ನಾನು ಮುಗಿಸಿದ ಮೇಲೆ ಅವಳು ಮಾತಾಡಿದಳು. ಆ ಕಾಗದ ಬಂದ ದಿನವೇ ಅಪ್ಪ ಹಂಸಾಳ ಬಟ್ಟೆಗಳನ್ನು ಸುಟ್ಟನಂತೆ. ಓಡಿಹೋದವಳ ತಂಗಿ ಎಂದು ಇವಳಿಗೆ ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು, ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ. ಅವ್ವ ಸಾಯುವಾಗ ಹಂಸಾ ಎಂಬ ಹೆಸರು ಹೇಳಿದಳು, ಇವಳು ಅವ್ವನ ಬಾಯಿಗೆ ಕೈ ಅಡ್ಡ ಹಿಡಿದಳು. "ಸಾಯೋ ಹೊತ್ನ್ಯಾಗೂ ಅಕಿ ಹೆಸರು ಹೇಳಾಕ ಬಿಡಲಿಲ್ರಿ ನಾ" ಎಂದು ಪುಸ್ತಕದಲ್ಲಿತ್ತು.

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಹಿಂದೆ ಸರಿದಳು. ಒಂದೇ ಒಂದು ಪ್ರಶ್ನೆ ಕೇಳಿದಳು. ತಂಗಿಯ ಮಗಳು ಬರೆದು ತೋರಿಸಿದಳು: "ಬಾಗಲದಾಗ ಬಿಟ್ಟು ಹೊಂಟಾಗ ನಮ್ಮಕ್ಕ ಏನಂದ್ಲು?"

ಇದನ್ನು ನಾನು ನಿನಗೂ ಹೇಳಿರಲಿಲ್ಲ, ನೋಟರಿಗೂ ಬರೆಸಿರಲಿಲ್ಲ. ಹೇಳಿದೆ. "ನಡಕೊಂತ ಹೋಗಬೇಕಿತ್ತು, ಟ್ಯಾಕ್ಸಿನ್ಯಾಗ ಕರಕೊಂಡು ಬಂದ್ರಿ, ನಿಮ್ಮ ಉಪಕಾರ ದೊಡ್ಡದಾತ್ರಿ ಅಕ್ಕಾರ ಅಂದಳು" ಎಂದೆ.

ನನ್ನ ದನಿ ನನಗೆ ಕೇಳಿಸುವುದಿಲ್ಲ. ಎಷ್ಟು ಗಟ್ಟಿಯಾಗಿ ಹೇಳಿದೆನೋ, ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅವಳು ಎದ್ದು ಒಳಗೆ ಹೋಗಿ ಕದ ಹಾಕಿಕೊಂಡಳು. ಬಹಳ ಹೊತ್ತು ಜಗಲಿಯ ಮೇಲೇ ಕುಳಿತಿದ್ದೆ. ಒಳಗೆ ಅಳುತ್ತಿದ್ದಾಳೆಯೇ ಎಂದು ತಂಗಿಯ ಮಗಳನ್ನು ಕೇಳಿದೆ. ಅವಳು ನನ್ನನ್ನೇ ನೋಡಿದಳು. ನೋಟ್ ಪುಸ್ತಕ ಮುಚ್ಚಿ ಚೀಲದೊಳಗಿಟ್ಟಳು.

ವಾರಿಜಾಕ್ಷಿ